ಕಣ್ಣಿಗೆ ಒಂದೇ ಕೊರಿಯನ್ ಹೆಸರು, ಪ್ರೋಗ್ರಾಮ್‌ಗೆ ಎರಡು: ಹಂಗುಲ್ ಒಳಗೆ ಹೇಗೆ ಕೂತಿರುತ್ತದೆ?

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ಕೊರಿಯನ್ ಕಲಿಯುವವರಿಗೆ ಮಾಡಿದ ಆಡಿಯೊ ಪಾಠಗಳನ್ನು ಜೋಡಿಸುವ ಕೆಲಸ ಕೈಯಲ್ಲಿದೆ. ಒಂದು ಕಡೆ ಎಕ್ಸೆಲ್ ಪಟ್ಟಿ ಇದೆ, ಅದರಲ್ಲಿ ಪ್ರತಿ ಪಾಠದ ಹೆಸರು ಹಂಗುಲ್ ಲಿಪಿಯಲ್ಲಿದೆ. ಇನ್ನೊಂದು ಕಡೆ ಫೋಲ್ಡರ್ ತುಂಬ ಆಡಿಯೊ ಫೈಲ್‌ಗಳು, ಅವುಗಳ ಹೆಸರೂ ಹಂಗುಲ್‌ನಲ್ಲೇ. ಪೈಥಾನ್‌ನಲ್ಲಿ ಇವೆರಡನ್ನೂ ಹೋಲಿಸಿ ಜೋಡಿ ಮಾಡಬೇಕು, ಅಷ್ಟೇ.

ಆದರೆ ಅರ್ಧಕ್ಕಿಂತ ಜಾಸ್ತಿ ಹೆಸರುಗಳು ಜೋಡಿಯಾಗುತ್ತಿಲ್ಲ. ಪರದೆಯ ಮೇಲೆ ಅಕ್ಕಪಕ್ಕ ಇಟ್ಟು ನೋಡಿದರೆ ಒಂದು ಗೆರೆಯೂ ವ್ಯತ್ಯಾಸವಿಲ್ಲ. ಉದ್ದ ಕೇಳಿದರೆ ಮಾತ್ರ ಬೇರೆ ಬೇರೆ ಉತ್ತರ ಬರುತ್ತದೆ. "ಹಂಗುಲ್" ಅನ್ನುವ ಪದ ಕೊರಿಯನ್ನಿನಲ್ಲಿ ಎರಡು ಅಕ್ಷರ, ಹನ್ ಮತ್ತು ಗುಲ್. ಎಕ್ಸೆಲ್‌ನಿಂದ ಬಂದ ಪದದ ಉದ್ದ 2 ಅನ್ನುತ್ತದೆ ಪೈಥಾನ್. ಫೈಲ್ ಹೆಸರಿನಿಂದ ತೆಗೆದ ಅದೇ ಪದದ ಉದ್ದ 6 ಅನ್ನುತ್ತದೆ. ಸಹೋದ್ಯೋಗಿಯೊಬ್ಬರ ವಿಂಡೋಸ್ ಕಂಪ್ಯೂಟರಿನಲ್ಲಂತೂ ಅದೇ ಹೆಸರುಗಳು ಬಿಡಿಬಿಡಿಯಾಗಿ, ಒಂದೊಂದು ಅಕ್ಷರವೂ ಚೂರಾಗಿ ಕಾಣುತ್ತಿದೆ.

ಕೇಳಬೇಕಾದ್ದು ಮೂರು. ಕೊರಿಯನ್ ಅಕ್ಷರ ಒಳಗೆ ನಿಜವಾಗಿ ಹೇಗೆ ಶೇಖರವಾಗುತ್ತದೆ? ಈ ಎರಡು ರೂಪಗಳಲ್ಲಿ ಯಾವುದು ಸರಿ? ಆಮೇಲೆ, ಕೊರಿಯನ್ನರು ಫೋನಿನಲ್ಲಿ ಹೆಸರು ಹುಡುಕುವಾಗ ಬರೀ ಮೊದಲ ವ್ಯಂಜನಗಳನ್ನು ಒತ್ತುತ್ತಾರಲ್ಲ, ಆ ತರಹದ ಹುಡುಕಾಟವನ್ನು ನಮ್ಮ ಪಟ್ಟಿಗೂ ಕೊಡಬೇಕು. ಅದಕ್ಕೆ ದೊಡ್ಡ ಲೈಬ್ರರಿ ಏನಾದರೂ ಬೇಕಾ?

ಕನ್ನಡದಲ್ಲಿ "ಹ" ಮತ್ತು ಅದರ ಒತ್ತು, ಗುಣಿತ ಎಲ್ಲ ಬೇರೆ ಬೇರೆ ಕೋಡ್ ಅಂತ ಗೊತ್ತು. ಕೊರಿಯನ್ನಿನದು ಹಾಗಿಲ್ಲ ಅನ್ನಿಸುತ್ತಿದೆ, ಆದರೆ ಪೂರ್ತಿ ಬೇರೆಯೂ ಅಲ್ಲ ಅನ್ನಿಸುತ್ತಿದೆ.

ಬೈಟ್‌ಬಡಗಿ:

ಮೊದಲು ಕೆಲಸದ ಮಾತು. ಪೈಥಾನ್‌ನಲ್ಲಿ ಯುನಿಕೋಡ್‌ಡೇಟಾ ಅನ್ನುವ ಮಾಡ್ಯೂಲ್ ಜೊತೆಗೇ ಬರುತ್ತದೆ. ಅದರ ನಾರ್ಮಲೈಸ್ ಫಂಕ್ಷನ್‌ಗೆ ಎನ್‌ಎಫ್‌ಸಿ ಅಂತ ಹೇಳಿ (ಚೂರುಗಳನ್ನು ಸೇರಿಸಿ ಒಂದೇ ರೂಪಕ್ಕೆ ತರುವ ಆಯ್ಕೆ ಅದು) ಎರಡೂ ಕಡೆಯ ಹೆಸರನ್ನು ಹಾಯಿಸಿ, ಆಮೇಲೆ ಹೋಲಿಸಿ. ನಿಮ್ಮ ಜೋಡಿಗಳು ಕೂಡಿಕೊಳ್ಳುತ್ತವೆ.

ಈಗ ಯಾಕೆ ಅನ್ನೋದು. ಇದು ಯುನಿಕೋಡ್‌ನಲ್ಲಿ ನನಗೆ ತುಂಬ ಇಷ್ಟವಾದ ಭಾಗ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ. ಯುನಿಕೋಡ್ ಅಂದರೆ ಬೇರೆ ಬೇರೆ ಲಿಪಿಗಳ ಅಕ್ಷರಗಳಿಗೆ ಒಂದೊಂದು ಸಂಖ್ಯೆ (ಕೋಡ್) ಕೊಡುವ ಮಾನದಂಡ.

ಹಂಗುಲ್ ಮೂಲತಃ ಬಿಡಿ ಅಕ್ಷರಗಳ ಲಿಪಿ. ಆ ಬಿಡಿ ಅಕ್ಷರಗಳಿಗೆ ಜಾಮೊ ಅನ್ನುತ್ತಾರೆ. ಬರೆಯುವಾಗ ಮಾತ್ರ ಎರಡು ಮೂರು ಜಾಮೊಗಳನ್ನು ಒಂದು ಚೌಕದಲ್ಲಿ ಕೂರಿಸಿ ಒಂದು ಅಕ್ಷರ ಮಾಡುತ್ತಾರೆ. ಚೌಕದಲ್ಲಿ ಮೂರು ಸ್ಥಾನ: ಮೊದಲಿಗೆ ವ್ಯಂಜನ, ನಡುವೆ ಸ್ವರ, ಬೇಕಿದ್ದರೆ ಕೊನೆಗೆ ಇನ್ನೊಂದು ವ್ಯಂಜನ. ಇವತ್ತಿನ ಕೊರಿಯನ್ನಿನಲ್ಲಿ ಮೊದಲ ಸ್ಥಾನಕ್ಕೆ 19 ಆಯ್ಕೆ, ನಡುವಿನದಕ್ಕೆ 21, ಕೊನೆಯದಕ್ಕೆ 27, ಜೊತೆಗೆ "ಕೊನೆಯಲ್ಲಿ ಏನೂ ಇಲ್ಲ" ಅನ್ನುವುದೂ ಒಂದು, ಅಲ್ಲಿಗೆ 28. ಗುಣಿಸಿ ನೋಡಿ: 19 ಸಲ 21 ಸಲ 28, ಅಂದರೆ 11,172. ಬರೀ ಸ್ವರದಿಂದ ಶುರುವಾಗುವ ಅಕ್ಷರಕ್ಕೂ ಮೊದಲ ಸ್ಥಾನದಲ್ಲಿ ಉಚ್ಚಾರವಿಲ್ಲದ ಒಂದು ಸೊನ್ನೆಯಾಕಾರದ ಗುರುತು ಕೂರುತ್ತದೆ. ಹಾಗಾಗಿ ಮೊದಲ ಸ್ಥಾನ ಯಾವತ್ತೂ ಖಾಲಿ ಇರಲ್ಲ, ಲೆಕ್ಕ ಎಲ್ಲೂ ಮುರಿಯಲ್ಲ.

ಯುನಿಕೋಡ್ ಈ 11,172 ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಟ್ಟಿದೆ. ದಶಮಾನದಲ್ಲಿ ಹೇಳಿದರೆ 44032ರಿಂದ 55203ರವರೆಗೆ, ನಡುವೆ ಒಂದೂ ಖಾಲಿ ಬಿಡದೆ. ಸಾಲು ಎಷ್ಟು ಕ್ರಮವಾಗಿದೆ ಅಂದರೆ ಸಂಖ್ಯೆ ನೋಡಿದರೆ ಸಾಕು, ಒಳಗಿನ ಜಾಮೊಗಳನ್ನು ಲೆಕ್ಕ ಹಾಕಿಯೇ ಹೇಳಬಹುದು. ಯಾವ ಪಟ್ಟಿಯೂ ಬೇಡ.

"ಹನ್" ತೆಗೆದುಕೊಳ್ಳಿ. ಅದರ ಸಂಖ್ಯೆ 54620. ಅದರಿಂದ 44032 ಕಳೆಯಿರಿ, 10588 ಉಳಿಯುತ್ತದೆ. ಅದನ್ನು 588ರಿಂದ ಭಾಗಿಸಿ (588 ಅಂದರೆ 21 ಸಲ 28). ಭಾಗಲಬ್ಧ 18, ಶೇಷ 4. ಸೊನ್ನೆಯಿಂದ ಎಣಿಸಿದರೆ 18ನೇ ವ್ಯಂಜನ ಹಿಯುತ್, ಅಂದರೆ ಹಕಾರ. ಉಳಿದ 4ನ್ನು 28ರಿಂದ ಭಾಗಿಸಿದರೆ ಭಾಗಲಬ್ಧ 0, ಶೇಷ 4. ಸೊನ್ನೆಯ ಸ್ವರ ಅಕಾರ, ಕೊನೆಯ ಸ್ಥಾನದ 4 ನಿಯುನ್, ಅಂದರೆ ನಕಾರ. ಹ್, ಅ, ನ್. ಮುಗೀತು. "ಗುಲ್" ಅನ್ನೂ ನೀವೇ ಮಾಡಿ ನೋಡಿ, ಅದರ ಸಂಖ್ಯೆ 44544. ಕಳೆದರೆ 512 ಬರುತ್ತದೆ, ಅಲ್ಲಿಂದ 0, 18, 8. ಮಧ್ಯರಾತ್ರಿಯಿಂದ ಎಷ್ಟು ಸೆಕೆಂಡ್ ಕಳೆದಿದೆ ಅಂತ ಒಂದೇ ಸಂಖ್ಯೆ ಕೊಟ್ಟರೆ ಅದರಿಂದ ಗಂಟೆ, ನಿಮಿಷ, ಸೆಕೆಂಡ್ ತೆಗೆಯುತ್ತೇವಲ್ಲ, ಅದೇ ಲೆಕ್ಕ ಇದು.

ಇದು ಒಂದು ರೂಪ. ಸೇರಿದ ರೂಪ ಅನ್ನೋಣ. ಯುನಿಕೋಡ್‌ನಲ್ಲಿ ಇನ್ನೊಂದು ದಾರಿಯೂ ಇದೆ. ಜಾಮೊಗಳಿಗೇ ಬೇರೆ ಕೋಡ್‌ಗಳಿವೆ, ಅವುಗಳನ್ನು ಸಾಲಾಗಿ ಬರೆದರೆ ಫಾಂಟ್ ಅವನ್ನು ಒಂದೇ ಚೌಕವಾಗಿ ತೋರಿಸುತ್ತದೆ. ಹಾಗೆ ಬರೆದ "ಹನ್" 4370, 4449, 4523 ಅನ್ನುವ ಮೂರು ಕೋಡ್. ಇದು ಬಿಡಿಸಿದ ರೂಪ. ನಿಮ್ಮ 6 ಬಂದಿದ್ದು ಇಲ್ಲಿಂದಲೇ: ಎರಡು ಅಕ್ಷರ, ತಲಾ ಮೂರು ಜಾಮೊ. ಯುನಿಕೋಡ್ ಪ್ರಕಾರ ಎರಡೂ ಒಂದೇ ಪಠ್ಯ, ಎರಡೂ ಸರಿ. ಎನ್‌ಎಫ್‌ಸಿ ಸೇರಿಸುತ್ತದೆ, ಎನ್‌ಎಫ್‌ಡಿ ಬಿಡಿಸುತ್ತದೆ. ಆದರೆ ಪೈಥಾನ್‌ನ ಸಮ ಚಿಹ್ನೆ ಕೋಡ್‌ಗಳನ್ನು ಮಾತ್ರ ಹೋಲಿಸುತ್ತದೆ, ಅರ್ಥವನ್ನಲ್ಲ.

ಫೈಲ್ ಹೆಸರಿನಲ್ಲಿ ಬಿಡಿಸಿದ ರೂಪ ಸಿಗುವುದು ಹೊಸದಲ್ಲ. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಫೈಲ್ ವ್ಯವಸ್ಥೆ ಹೆಸರುಗಳನ್ನು ಬಿಡಿಸಿಯೇ ಇಡುತ್ತಿತ್ತು, ಅದು ಅದರ ವಿನ್ಯಾಸ. ವಿಂಡೋಸ್ ಮತ್ತು ಲಿನಕ್ಸ್ ಹೆಸರನ್ನು ಮುಟ್ಟುವುದಿಲ್ಲ, ಬಂದದ್ದು ಬಂದ ಹಾಗೇ ಇಡುತ್ತವೆ. ಜಾಮೊಗಳನ್ನು ಸೇರಿಸಿ ತೋರಿಸಲು ಬಾರದ ಫಾಂಟ್ ಅಥವಾ ಪ್ರೋಗ್ರಾಮ್ ಎದುರಾದ ಕೂಡಲೇ ಅಕ್ಷರ ಚೂರಾಗಿ ಕಾಣುತ್ತದೆ.

ಜಾಗದ ಲೆಕ್ಕವೂ ಗಮನದಲ್ಲಿರಲಿ. ಯುಟಿಎಫ್-8ರಲ್ಲಿ (ಯುನಿಕೋಡ್ ಸಂಖ್ಯೆಯನ್ನು ಬೈಟ್ ರೂಪದಲ್ಲಿ ಬರೆದಿಡುವ ಬಗೆ) ಸೇರಿದ "ಹಂಗುಲ್" 6 ಬೈಟ್, ಬಿಡಿಸಿದ್ದು 18 ಬೈಟ್. ಲಿನಕ್ಸ್‌ನ ಇಎಕ್ಸ್‌ಟಿ4 ಫೈಲ್ ವ್ಯವಸ್ಥೆಯಲ್ಲಿ ಒಂದು ಫೈಲ್ ಹೆಸರಿಗೆ 255 ಬೈಟ್ ಮಿತಿ. ಸೇರಿದ ರೂಪದಲ್ಲಿ 85 ಅಕ್ಷರ ಹಿಡಿಯುತ್ತದೆ. ಎಲ್ಲ ಅಕ್ಷರಕ್ಕೂ ಮೂರು ಜಾಮೊ ಇದ್ದರೆ ಬಿಡಿಸಿದ ರೂಪದಲ್ಲಿ 28ಕ್ಕೇ ನಿಲ್ಲುತ್ತದೆ. ಪಾಠದ ಹೆಸರು ಉದ್ದ ಇದ್ದರೆ ಇದು ನಿಜವಾಗಿ ತಟ್ಟುತ್ತದೆ.

ಸುವೋನ್‌ಕನ್ನಡಿಗ:

ಮೇಲಿನವರು ಚೆನ್ನಾಗಿ ಹೇಳಿದ್ದಾರೆ. ಆದರೆ ಆ 11,172 ಸಂಖ್ಯೆ ಸುಲಭವಾಗಿ ಬಂದಿದ್ದಲ್ಲ. ಇಲ್ಲಿ ಕೊರಿಯಾದಲ್ಲಿ ಹಳೆಯ ಪ್ರೋಗ್ರಾಮರ್‌ಗಳ ಹತ್ತಿರ ಈ ವಿಷಯ ಎತ್ತಿದರೆ ಅವರು ಇವತ್ತಿಗೂ ಬಿಸಿಯಾಗುತ್ತಾರೆ. ಹಳೆಯ ಫೈಲ್ ಮುಟ್ಟುವವರಿಗೆ ಈ ಕತೆ ಗೊತ್ತಿರಲೇಬೇಕು.

1980ರ ದಶಕದಲ್ಲಿ ಎರಡು ಪಂಥ ಇದ್ದವು. ಒಂದು ಜೋಹಾಪ್, ಅಂದರೆ ಕೂಡಿಸುವ ಬಗೆ. ಒಂದು ಅಕ್ಷರಕ್ಕೆ 16 ಬಿಟ್. ಮೊದಲನೇ ಬಿಟ್ 1, ಉಳಿದ 15ರಲ್ಲಿ ಐದೈದು ಬಿಟ್ ಮೂರು ಸ್ಥಾನಗಳಿಗೆ. ಐದು ಬಿಟ್‌ನಲ್ಲಿ 32 ಆಯ್ಕೆ ಹಿಡಿಯುತ್ತದೆ, ಬೇಕಾಗಿದ್ದು ಹೆಚ್ಚೆಂದರೆ 28. ಹಾಗಾಗಿ 11,172 ಅಕ್ಷರವೂ ಬರುತ್ತಿತ್ತು, ಲಿಪಿಯ ಸ್ವಭಾವಕ್ಕೆ ಸರಿಯಾಗಿ ಹೊಂದುತ್ತಿತ್ತು. ಇನ್ನೊಂದು ವಾನ್‌ಸೊಂಗ್, ಅಂದರೆ ಸಿದ್ಧ ಅಕ್ಷರಗಳ ಬಗೆ. ಬಳಕೆಯಲ್ಲಿ ಜಾಸ್ತಿ ಬರುವ ಅಕ್ಷರಗಳನ್ನು ಆರಿಸಿ ಪಟ್ಟಿ ಮಾಡಿ, ಅವಕ್ಕೆ ಮಾತ್ರ ಸಂಖ್ಯೆ ಕೊಡುವುದು. 1987ರಲ್ಲಿ ರಾಷ್ಟ್ರೀಯ ಮಾನದಂಡ ಕೆಎಸ್ ಸಿ 5601 ಬಂದಾಗ ಗೆದ್ದದ್ದು ಈ ಎರಡನೆಯದು. 94 ಸಾಲು 94 ಕಂಬದ ಚೌಕದೊಳಗೆ ಎಲ್ಲ ಹಿಡಿಸಬೇಕಿತ್ತು, ಅಂತರರಾಷ್ಟ್ರೀಯ ನಿಯಮಕ್ಕೆ ಹೊಂದಬೇಕಿತ್ತು. ಅದರಲ್ಲೇ 4,888 ಚೀನೀ ಅಕ್ಷರಗಳೂ ಕೂರಬೇಕಿತ್ತು. ಹಂಗುಲ್‌ಗೆ ಸಿಕ್ಕಿದ್ದು 2,350.

ಹನ್ನೊಂದು ಸಾವಿರದಲ್ಲಿ ಎರಡು ಸಾವಿರದ ಚಿಲ್ಲರೆ! ಉಳಿದವನ್ನು ಜನ ಬಾಯಲ್ಲಿ ಹೇಳಬಹುದು, ಪೆನ್ನಿನಲ್ಲಿ ಬರೆಯಬಹುದು, ಕಂಪ್ಯೂಟರಿನಲ್ಲಿ ಮಾತ್ರ ಬರೆಯಲಾಗದು. ಇಲ್ಲಿನ ಹೋಟೆಲುಗಳಲ್ಲಿ ಸಿಗುವ ಥಾಯ್ ಸಾರು ಟಾಮ್ ಯಮ್ ಹೆಸರಿನ ಮೊದಲ ಅಕ್ಷರವೇ ಆ ಪಟ್ಟಿಯಲ್ಲಿರಲಿಲ್ಲ. ಇವತ್ತು ಯುನಿಕೋಡ್‌ನಲ್ಲಿ ಅದರ ಸಂಖ್ಯೆ 46624, ಏನೂ ತೊಂದರೆಯಿಲ್ಲ. ಲಿಪಿ ಕೊಟ್ಟ ಸ್ವಾತಂತ್ರ್ಯವನ್ನು ಮಾನದಂಡ ಕಿತ್ತುಕೊಂಡಿತು ಅನ್ನುವ ಸಿಟ್ಟು ಜನರಲ್ಲಿ ಇದ್ದದ್ದು ಸಹಜ ಅಂತ ನನಗೂ ಅನಿಸುತ್ತದೆ. 15ನೇ ಶತಮಾನದಲ್ಲಿ ದೊರೆ ಸೇಜೊಂಗ್ ಸಾಮಾನ್ಯ ಜನ ಓದುಬರಹ ಕಲಿಯಲಿ ಅಂತ ಮಾಡಿಸಿದ ಲಿಪಿ ಇದು. 1446ರಲ್ಲಿ ಪ್ರಕಟವಾಯಿತು. ಅದರ ಜೀವವೇ ಬಿಡಿ ಅಕ್ಷರಗಳನ್ನು ಬೇಕಾದ ಹಾಗೆ ಕೂಡಿಸುವುದರಲ್ಲಿದೆ. 1989ರಲ್ಲಿ ಬಂದ ಹಂಗುಲ್ ವರ್ಡ್ ಪ್ರೊಸೆಸರ್ ಜೋಹಾಪ್ ಹಿಡಿದು ಎಲ್ಲ ಅಕ್ಷರಗಳನ್ನೂ ತೋರಿಸಿತು, ಜನ ಅದನ್ನು ಮೆಚ್ಚಿದರು. 1992ರ ಪರಿಷ್ಕರಣೆಯಲ್ಲಿ ಜೋಹಾಪ್‌ಗೂ ಅನುಬಂಧದಲ್ಲಿ ಜಾಗ ಸಿಕ್ಕಿತು. ವಿಂಡೋಸ್ 95ರ ಕಾಲಕ್ಕೆ ಮೈಕ್ರೋಸಾಫ್ಟ್ ಹಳೆಯ ಪಟ್ಟಿಗೆ ಉಳಿದ 8,822 ಅಕ್ಷರಗಳನ್ನು ಸೇರಿಸಿ ಸಿಪಿ949 ಮಾಡಿತು. ಆದರೆ ಹಳೆಯ 2,350 ಇದ್ದ ಜಾಗದಲ್ಲೇ ಇರಬೇಕಲ್ಲ, ಹೊಸವು ಸಂದಿಗೊಂದಿಗಳಲ್ಲಿ ಕೂತವು. ಹಾಗಾಗಿ ಸಿಪಿ949ರಲ್ಲಿ ಬೈಟ್ ನೋಡಿ ವಿಂಗಡಿಸಿದರೆ ಅಕಾರಾದಿ ಬರುವುದಿಲ್ಲ.

ಯುನಿಕೋಡ್‌ನ ಕತೆಯೂ ಇದೇ ಜಾಡಿನದು. 1991ರ ಮೊದಲ ಆವೃತ್ತಿಯಲ್ಲಿ ಆ 2,350 ಅಕ್ಷರಗಳೇ 13312ರಿಂದ ಶುರುವಾಗಿದ್ದವು. 1993ರ 1.1ರಲ್ಲಿ ಇನ್ನಷ್ಟು ಸೇರಿ 6,656 ಆದವು, ಆದರೆ ಕಂತು ಕಂತಾಗಿ ಸೇರಿದ್ದರಿಂದ ಕ್ರಮ ಹಾಳಾಗಿತ್ತು. ಕೊನೆಗೆ 1996ರ 2.0ರಲ್ಲಿ ಅಷ್ಟನ್ನೂ ಅಳಿಸಿ 11,172 ಅಕ್ಷರಗಳನ್ನು ಹೊಸ ಜಾಗದಲ್ಲಿ, ಅಕಾರಾದಿಯಾಗಿ ಕೂರಿಸಿದರು. ಒಂದು ಸಲ ಕೊಟ್ಟ ಕೋಡ್ ಅನ್ನು ಹೀಗೆ ಎತ್ತಿ ಬೇರೆ ಕಡೆ ಇಡುವುದು ಘೋರ ಕೆಲಸ. ಆ ಹೊತ್ತಿಗೆ ಹಳೆಯ ಕೋಡ್‌ನಲ್ಲಿ ಬರೆದ ಕೊರಿಯನ್ ಪಠ್ಯ ಹೆಚ್ಚಿರಲಿಲ್ಲ ಅನ್ನುವ ಕಾರಣಕ್ಕೆ ಒಪ್ಪಿದರು. ಇನ್ನು ಮುಂದೆ ಯಾವ ಅಕ್ಷರವನ್ನೂ ಕದಲಿಸುವುದಿಲ್ಲ ಅನ್ನುವ ಕಟ್ಟುನಿಟ್ಟು ಆಮೇಲೆ ಬಂತು. ಇಂಗ್ಲಿಷಿನಲ್ಲಿ ಇದಕ್ಕೆ "ಕೊರಿಯನ್ ಮೆಸ್" ಅಂತ ಹೆಸರೇ ಉಳಿಯಿತು. ಖಾಲಿಯಾದ ಹಳೆಯ ಜಾಗಕ್ಕೆ ಮುಂದೆ ಚೀನೀ ಅಕ್ಷರಗಳು ಬಂದವು, ಹಾಗಾಗಿ ಆ ಕಾಲದ ಕೊರಿಯನ್ ಫೈಲ್ ಇವತ್ತು ತೆರೆದರೆ ಅರ್ಥವಿಲ್ಲದ ಅಪರೂಪದ ಚೀನೀ ಅಕ್ಷರಗಳು ಕಾಣುತ್ತವೆ.

ಆ ಸ್ಥಳಾಂತರ ಸರಿ ಅಂತಲೇ ನನ್ನ ಅಭಿಪ್ರಾಯ. ಬೈಟ್‌ಬಡಗಿ ಹೇಳಿದ ಲೆಕ್ಕ ಅಷ್ಟು ಚೆಂದವಾಗಿ ಬರುತ್ತಿರುವುದೇ ಆ ಗಟ್ಟಿ ನಿರ್ಧಾರದಿಂದ. ಇನ್ನೆರಡು ವರ್ಷ ತಡ ಮಾಡಿದ್ದರೆ ಯಾರೂ ಕದಲಿಸಲು ಬಿಡುತ್ತಿರಲಿಲ್ಲ.

ತುಂಗಾತೀರ ಅವರಿಗೆ ಒಂದು ಎಚ್ಚರಿಕೆ: ಕೊರಿಯಾದಿಂದ ಬರುವ ಹಳೆಯ ಸಿಎಸ್‌ವಿ ಫೈಲ್‌ಗಳ ಮೇಲೆ ಇಯುಸಿ-ಕೆಆರ್ ಅಂತ, ಅಂದರೆ ಹಳೆಯ 2,350ರ ಪಟ್ಟಿ ಅಂತ, ಬರೆದಿದ್ದರೂ ಒಳಗಿರುವುದು ಎಷ್ಟೋ ಸಲ ಸಿಪಿ949. ಬ್ರೌಸರ್‌ಗಳು ಇಯುಸಿ-ಕೆಆರ್ ಅಂದರೂ ದೊಡ್ಡ ಪಟ್ಟಿಯನ್ನೇ ಓದುತ್ತವೆ. ಪೈಥಾನ್ ಹಾಗಲ್ಲ, ಎರಡನ್ನೂ ಬೇರೆ ಬೇರೆ ನೋಡುತ್ತದೆ. ಸಿಪಿ949 ಅಂತಲೇ ಹೇಳಿ ತೆರೆಯಿರಿ.

ತುಂಗಾತೀರ:

ಇಬ್ಬರಿಗೂ ತುಂಬ ಧನ್ಯವಾದ. ಎನ್‌ಎಫ್‌ಸಿ ಹಾಯಿಸಿದ ಮೇಲೆ ಜೋಡಿಗಳು ಕೂಡಿಕೊಂಡವು. 588ರ ಲೆಕ್ಕವನ್ನೂ ಮಾಡಿ ನೋಡಿದೆ, "ಕಿಮ್ಚಿ"ಯ ಎರಡು ಅಕ್ಷರ 44608 ಮತ್ತು 52824, ಮೊದಲ ವ್ಯಂಜನ 0 ಮತ್ತು 14 ಅಂತ ಸರಿಯಾಗಿಯೇ ಬಂತು. ನೋಡಿ ಖುಷಿಯಾಯಿತು.

ಈಗ ಹುಡುಕಾಟದ ವಿಷಯ. ಬಳಸುವವರು ಕೀಬೋರ್ಡಿನಲ್ಲಿ ಬರೀ ಗಿಯೋಕ್ ಅಂದರೆ ಗಕಾರ ಒತ್ತುತ್ತಾರೆ. ಪ್ರೋಗ್ರಾಮ್‌ಗೆ ಬರುವ ಸಂಖ್ಯೆ 12593. ನನ್ನ ಲೆಕ್ಕದಿಂದ ಸಿಗುವ ಜಾಮೊ 4352. ಎರಡೂ ಗಿಯೋಕೇ, ಎನ್‌ಎಫ್‌ಸಿ ಮಾಡಿದರೂ ಒಂದಾಗುತ್ತಿಲ್ಲ. ಇದು ಯಾವ ಮೂರನೇ ರೂಪ?

ಬೈಟ್‌ಬಡಗಿ:

ಒಳ್ಳೆ ಜಾಗಕ್ಕೆ ಬಂದಿದ್ದೀರಿ. ಒಂದೇ ಗಿಯೋಕ್‌ಗೆ ಯುನಿಕೋಡ್‌ನಲ್ಲಿ ನಾಲ್ಕು ಸಂಖ್ಯೆ ಇವೆ. ಚೌಕದ ಮೊದಲ ಸ್ಥಾನದಲ್ಲಿ ಕೂರುವ ಗಿಯೋಕ್ 4352. ಕೊನೆಯ ಸ್ಥಾನದ್ದು 4520. ಇವೆರಡು ಬೇರೆ ಇರಲೇಬೇಕು, ಇಲ್ಲದಿದ್ದರೆ ಜಾಮೊಗಳ ಸಾಲಿನಲ್ಲಿ ಒಂದು ಅಕ್ಷರ ಎಲ್ಲಿ ಮುಗಿದು ಮುಂದಿನದು ಎಲ್ಲಿ ಶುರುವಾಯಿತು ಅಂತ ಯಂತ್ರಕ್ಕೆ ಗೊತ್ತಾಗುವುದಿಲ್ಲ. ಮೂರನೆಯದು ನಿಮಗೆ ಸಿಕ್ಕಿದ 12593. ಇದು ಕೆಎಸ್ ಸಿ 5601 ಪಟ್ಟಿಯಲ್ಲಿದ್ದ ಒಂಟಿ ಜಾಮೊ. ಹಳೆಯ ಪಠ್ಯ ಯುನಿಕೋಡ್‌ಗೆ ಹೋಗಿ ಮರಳಿ ಬಂದರೂ ಏನೂ ಕಳೆಯಬಾರದು ಅಂತ ಅದನ್ನು ಉಳಿಸಿಕೊಂಡರು. ಇದು ಚೌಕಕ್ಕೆ ಸೇರುವುದಿಲ್ಲ, ಒಂಟಿಯಾಗಿಯೇ ಇರುತ್ತದೆ. ನಾಲ್ಕನೆಯದು ಅರ್ಧ ಅಗಲದ್ದು, 65441, ನಿಮಗೆ ಬಹುಶಃ ಸಿಗುವುದೇ ಇಲ್ಲ.

ಎನ್‌ಎಫ್‌ಕೆಸಿ ಅನ್ನುವ ಇನ್ನೊಂದು ನಾರ್ಮಲೈಸೇಶನ್ 12593 ಅನ್ನು 4352 ಮಾಡುತ್ತದೆ ಅನ್ನುವುದು ನಿಜ. ಆದರೂ ಅದನ್ನು ಪಠ್ಯದ ಮೇಲೆ ಹಾಯಿಸಬೇಡಿ. ಕೊರಿಯನ್ನರು ಚಾಟ್‌ನಲ್ಲಿ ನಗುವುದಕ್ಕೆ ಖಿಯುಕ್ ಅನ್ನುವ ಒಂಟಿ ಜಾಮೊವನ್ನು ಸಾಲಾಗಿ ಒತ್ತುತ್ತಾರೆ. ಎನ್‌ಎಫ್‌ಕೆಸಿ ಆದ ಮೇಲೆ ಅವೆಲ್ಲ ಸ್ವರಕ್ಕೆ ಕಾಯುತ್ತ ಕೂತ ಮೊದಲ ವ್ಯಂಜನಗಳಾಗುತ್ತವೆ, ಪರದೆಯ ಮೇಲೆ ಏನೇನೋ ಕಾಣಬಹುದು. ಒಂಟಿ ವ್ಯಂಜನದ ಪಕ್ಕ ಒಂಟಿ ಸ್ವರ ಇದ್ದರೆ ಎರಡೂ ಸೇರಿ ಬೇರೆಯೇ ಅಕ್ಷರ ಆಗಿಬಿಡುತ್ತದೆ. ಬರೆದವರು ಬಿಡಿಯಾಗಿ ಬರೆದಿದ್ದನ್ನು ನಾವು ಕೂಡಿಸಬಾರದು ಅಲ್ವಾ?

ಇದಕ್ಕೆ ಲೈಬ್ರರಿ ಬೇಡ. ಒಂದು ಸಣ್ಣ ಪಟ್ಟಿ ಸಾಕು: 19 ಮೊದಲ ವ್ಯಂಜನಗಳ ಒಂಟಿ ರೂಪವನ್ನು ಕ್ರಮವಾಗಿ ಬರೆದಿಡಿ. ಇಲ್ಲೊಂದು ಕಡೆ ಗಮನ ಬೇಕು, ಒಂಟಿ ಜಾಮೊಗಳ ಸಂಖ್ಯೆ ಆ ಕ್ರಮದಲ್ಲಿ ನೇರವಾಗಿ ಏರುವುದಿಲ್ಲ. ಗಿಯೋಕ್ 12593, ಜೋಡಿ ಗಿಯೋಕ್ 12594, ಆಮೇಲೆ 12595ರಲ್ಲಿ ಕೊನೆಯ ಸ್ಥಾನದಲ್ಲಿ ಮಾತ್ರ ಬರುವ ಒಂದು ಜೋಡಿವ್ಯಂಜನ, ನಿಯುನ್ ಸಿಗುವುದು 12596ರಲ್ಲಿ. ಹಾಗಾಗಿ ಕೂಡಿಸಿ ಕಳೆದು ಊಹಿಸಬೇಡಿ, ಪಟ್ಟಿಯನ್ನೇ ಇಟ್ಟುಕೊಳ್ಳಿ. ಆಮೇಲೆ ಪ್ರತಿ ಪಾಠದ ಹೆಸರಿಗೂ ಮೊದಲ ವ್ಯಂಜನಗಳ ಒಂದು ಸಾಲು ತಯಾರು ಮಾಡಿ ಇನ್ನೊಂದು ಕಾಲಮ್ಮಿನಲ್ಲಿಡಿ. "ಕಿಮ್ಚಿ"ಗೆ ಅದು 12593, 12618. ಬಳಸುವವರು ಒತ್ತಿದ್ದನ್ನು ಆ ಕಾಲಮ್ಮಿನಲ್ಲಿ ಹುಡುಕಿದರೆ ಆಯಿತು.

ಅರ್ಧ ಒತ್ತಿದ ಅಕ್ಷರಕ್ಕೂ ಸಿದ್ಧವಾಗಿರಿ. ಕೊರಿಯನ್ ಕೀಬೋರ್ಡಿನಲ್ಲಿ ವ್ಯಂಜನಕ್ಕೆ ಒಂದೇ ಕೀಲಿ, ಅದು ಮೊದಲಿನದೋ ಕೊನೆಯದೋ ಅಂತ ಮುಂದಿನ ಕೀಲಿ ಒತ್ತುವವರೆಗೂ ಕಂಪ್ಯೂಟರಿಗೆ ಗೊತ್ತಿಲ್ಲ. ಹ್, ಅ, ನ್ ಒತ್ತಿದರೆ "ಹನ್" ಕಾಣುತ್ತದೆ. ಮುಂದೆ ಅಕಾರ ಒತ್ತಿದರೆ ಆ ನಕಾರ ಹಾರಿ ಮುಂದಿನ ಚೌಕಕ್ಕೆ ಹೋಗಿ "ಹ-ನ" ಆಗುತ್ತದೆ. ಈ ಹಾರಾಟಕ್ಕೆ ಅಲ್ಲಿನವರು ಕೊಳ್ಳಿದೆವ್ವದ ಹೆಸರಿಟ್ಟಿದ್ದಾರೆ. ಪ್ರತಿ ಕೀಲಿಗೂ ಹುಡುಕಾಟ ನಡೆಸುವುದಾದರೆ "ಹನ್" ಬಂದಾಗ "ಹ" ಮತ್ತು ಮುಂದೆ ನಕಾರದಿಂದ ಶುರುವಾಗುವ ಅಕ್ಷರ, ಇದನ್ನೂ ಹೊಂದಿಸಿ ನೋಡಬೇಕು. ಇಲ್ಲದಿದ್ದರೆ ಫಲಿತಾಂಶ ಬಂದು ಹೋಗಿ ಬಂದು ಹೋಗಿ ಕಣ್ಣಿಗೆ ಹಿಂಸೆ.

ಅಚ್ಚಿನಮೊಳೆ:

ಕನ್ನಡದ ಮಾತು ಬಂದಿದ್ದರಿಂದ ನಾನೂ ಸೇರಿಕೊಳ್ಳುತ್ತೇನೆ. ಕನ್ನಡ ಫಾಂಟ್ ಮತ್ತು ಹುಡುಕಾಟದ ಕೆಲಸ ನನ್ನದು. ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಸಂಗತಿ: ಈ ಸೇರಿದ ರೂಪ, ಬಿಡಿಸಿದ ರೂಪದ ತೊಡಕು ಕನ್ನಡಕ್ಕೂ ಇದೆ.

"ದೋಸೆ" ಬರೆಯಿರಿ. ಸಾಮಾನ್ಯವಾಗಿ ಅದು ನಾಲ್ಕು ಕೋಡ್: ದ, ಓತ್ವದ ಗುರುತು, ಸ, ಎತ್ವದ ಗುರುತು. ಆ ಓತ್ವದ ಗುರುತಿನ ಸಂಖ್ಯೆ 3275. ಎನ್‌ಎಫ್‌ಡಿ ಮಾಡಿದರೆ ಅದು 3270, 3266, 3285 ಅನ್ನುವ ಮೂರಾಗಿ ಒಡೆಯುತ್ತದೆ. ಎತ್ವ, ಊತ್ವ, ಕೊನೆಗೆ ದೀರ್ಘದ ಕೊಂಬು. ಕೈಯಲ್ಲಿ ಬರೆಯುವಾಗ ನಾವು ಮಾಡುವುದೂ ಅದೇ ತಾನೆ. ಹಾಗಾಗಿ ಬಿಡಿಸಿದ "ದೋಸೆ"ಯ ಉದ್ದ 6. ಈ ತರಹ ಒಡೆಯುವ ಗುಣಿತದ ಗುರುತುಗಳು ನಮ್ಮಲ್ಲಿ ಐದು: ಈ, ಏ, ಐ, ಒ, ಓ. ನಿಮ್ಮ ಪಟ್ಟಿಯಲ್ಲಿ ಕನ್ನಡ ಅನುವಾದದ ಕಾಲಮ್ ಇದ್ದರೆ ಅದಕ್ಕೂ ಎನ್‌ಎಫ್‌ಸಿ ಹಾಯಿಸಿ, ಮರೆಯಬೇಡಿ. "ಮೈಸೂರು" ಹುಡುಕಿದರೆ ಸಿಗಲ್ಲ, "ಹಾಸನ" ಸಿಗುತ್ತದೆ ಅನ್ನುವ ವಿಚಿತ್ರ ದೂರು ಬಂದರೆ ಮೊದಲು ನೋಡಬೇಕಾದ ಜಾಗ ಇದು.

ಆದರೆ ಕೊರಿಯನ್ನಿಗೂ ನಮಗೂ ಇರುವ ದೊಡ್ಡ ವ್ಯತ್ಯಾಸ ಅಕ್ಷರಗಳ ಎಣಿಕೆಯಲ್ಲಿದೆ. ಅವರ ಚೌಕಕ್ಕೆ ಮೂರೇ ಸ್ಥಾನ, ಪ್ರತಿ ಸ್ಥಾನಕ್ಕೂ ಮಿತಿ, ಹಾಗಾಗಿ ಒಟ್ಟು ಎಷ್ಟು ಅಂತ ಬೆರಳಿಟ್ಟು ಹೇಳಬಹುದು. ನಮಗೆ ಒತ್ತಕ್ಷರ ಒಂದರ ಕೆಳಗೆ ಒಂದು ಬರಬಹುದು. "ಸ್ತ್ರೀ" ಒಂದೇ ಅಕ್ಷರ, ಒಳಗೆ ಆರು ಕೋಡ್, ಯುಟಿಎಫ್-8ರಲ್ಲಿ 18 ಬೈಟ್. ಬೇರೆ ಭಾಷೆಯ ಹೆಸರು ಬಂದರೆ ನಾವು ಕಂಡಿರದ ಒತ್ತಕ್ಷರ ಹುಟ್ಟಿಕೊಳ್ಳುತ್ತದೆ. ಅದನ್ನೆಲ್ಲ ಪಟ್ಟಿ ಮಾಡಲು ಕೂತರೆ ಕೆಎಸ್ ಸಿ 5601ರ 2,350ರ ಗೋಳೇ ನಮಗೂ ಬರುತ್ತಿತ್ತು. ಅದಕ್ಕೇ ಬಿಡಿ ಅಕ್ಷರ, ಗುರುತುಗಳಿಗೆ ಮಾತ್ರ ಕೋಡ್ ಕೊಡುವ ಭಾರತದ ಇಸ್ಕಿ ಮಾನದಂಡದ ದಾರಿ ಹಿಡಿದು ಯುನಿಕೋಡ್ ಕನ್ನಡಕ್ಕೆ 3200ರಿಂದ 3327ರವರೆಗೆ 128 ಜಾಗ ಮಾತ್ರ ಕೊಟ್ಟಿತು. ಅದೂ ಪೂರ್ತಿ ತುಂಬಿಲ್ಲ. ಅಕ್ಷರ ಕಟ್ಟುವ ಕೆಲಸ ಫಾಂಟಿಗೆ ಮತ್ತು ಅದನ್ನು ಓದುವ ಎಂಜಿನ್ನಿಗೆ ಬಿಟ್ಟಿದ್ದು.

ತಮಿಳಿನಲ್ಲಿ ಅಕ್ಷರಗಳ ಎಣಿಕೆಗೆ ಮಿತಿ ಇದೆ, ಹಾಗಾಗಿ ಅಲ್ಲಿ ಕೊರಿಯನ್ನರಂತೆ ಪೂರ್ತಿ ಅಕ್ಷರಕ್ಕೇ ಕೋಡ್ ಬೇಕು ಅನ್ನುವ ಬೇಡಿಕೆ ಗಟ್ಟಿಯಾಗಿತ್ತು. ತಮಿಳುನಾಡು ಸರ್ಕಾರ 2010ರಲ್ಲಿ ಟೇಸ್16 ಅನ್ನುವ ಅಂಥ ಒಂದು ಮಾನದಂಡವನ್ನು ಯುನಿಕೋಡ್ ಜೊತೆಗೆ ಒಪ್ಪಿಕೊಂಡಿತು ಕೂಡ. ಅದು ಕೂತಿರುವುದು ಯುನಿಕೋಡ್‌ನ ಖಾಸಗಿ ಬಳಕೆಯ ಜಾಗದಲ್ಲಿ. ಕನ್ನಡಕ್ಕೂ ಹಾಗೇ ಆಗಬೇಕಿತ್ತು ಅನ್ನುವವರು ಈಗಲೂ ಸಿಗುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಕೊರಿಯನ್ನರಿಗೆ ಆ ಜಾಗ ಸಿಕ್ಕಾಗ ಮೊದಲ 65,536 ಜಾಗಗಳಲ್ಲಿ ಸುಮಾರು ಆರನೇ ಒಂದು ಭಾಗವನ್ನು ಒಂದೇ ಲಿಪಿ ತುಂಬಿತು. ಆ ಕಾಲದ ಕಂಪ್ಯೂಟರುಗಳಿಗೆ ಜಾಮೊ ಜೋಡಿಸಿ ತೋರಿಸುವ ಶಕ್ತಿ ಕಡಿಮೆ ಇತ್ತು, ಅವರಿಗೆ ಅದು ಆಗ ಬೇಕಿತ್ತು. ನಮ್ಮ ಲಿಪಿಯ ಗುಣಕ್ಕೆ ಅದು ಸರಿಹೊಂದುವುದಿಲ್ಲ. ನಮಗೆ ಬೇಕಾಗಿರುವುದು ಚೆನ್ನಾಗಿ ಒತ್ತಕ್ಷರ ಕಟ್ಟುವ ಫಾಂಟ್‌ಗಳು, ಮತ್ತೆ ಪಠ್ಯ ಒಳಗೆ ಬರುವ ಬಾಗಿಲಲ್ಲೇ ಎನ್‌ಎಫ್‌ಸಿ ಮಾಡುವ ಅಭ್ಯಾಸ.

ಹಳೆಪುಟ:

ಚಿಕ್ಕದೊಂದು ಸೇರಿಸುತ್ತೇನೆ. 11,172 ಅಂದರೆ ಕೊರಿಯನ್ ಎಲ್ಲ ಮುಗಿಯಿತು ಅಂದುಕೊಳ್ಳಬೇಡಿ, ಅದು ಇವತ್ತಿನ ಕಾಗುಣಿತ ಮಾತ್ರ. ಸೇಜೊಂಗ್ ಕಾಲದ 28 ಅಕ್ಷರಗಳಲ್ಲಿ ಕೆಲವು ಈಗ ಬಳಕೆಯಲ್ಲಿಲ್ಲ. ಬರೀ ಚುಕ್ಕೆಯಾಗಿ ಬರೆಯುವ ಆರೆ-ಆ ಅನ್ನುವ ಸ್ವರ ಅಂಥದ್ದು. ಜೇಜು ದ್ವೀಪದ ಮಾತನ್ನು ಬರೆಯುವಾಗ ಅದು ಇವತ್ತಿಗೂ ಬೇಕಾಗುತ್ತದೆ. ಹಳೆಯ ಗ್ರಂಥಗಳಲ್ಲಂತೂ ಮೂರು ವ್ಯಂಜನ ಸೇರಿದ ಆರಂಭಗಳೂ ಇವೆ. ಇವಕ್ಕೆ ಸೇರಿದ ರೂಪವೇ ಇಲ್ಲ, ಜಾಮೊಗಳ ಸಾಲೇ ದಾರಿ. ಅದಕ್ಕೆ ಬೇಕಾದ ಇನ್ನಷ್ಟು ಜಾಮೊಗಳು 2009ರ ಯುನಿಕೋಡ್ 5.2ರಲ್ಲಿ ಬಂದವು.

ಹಾಗಾಗಿ ಎನ್‌ಎಫ್‌ಸಿ ಮಾಡಿದ ಮೇಲೂ "ಒಂದು ಅಕ್ಷರ ಅಂದರೆ ಒಂದು ಕೋಡ್" ಅಂತ ನಂಬಿ ಪ್ರೋಗ್ರಾಮ್ ಬರೆಯಬೇಡಿ. ನಿಮ್ಮ ಪಾಠಗಳಲ್ಲಿ ಹಳೆಯ ಕವಿತೆಯ ಸಾಲೋ ಜೇಜು ಊರಿನ ಅಂಗಡಿ ಹೆಸರೋ ಬಂದರೆ 588ರ ಲೆಕ್ಕ ತಪ್ಪು ಉತ್ತರ ಕೊಡುತ್ತದೆ. ಸಂಖ್ಯೆ 44032 ಮತ್ತು 55203ರ ನಡುವೆ ಇದೆಯಾ ಅಂತ ಮೊದಲು ನೋಡಿ, ಆಮೇಲೆ ಭಾಗಿಸಿ.

ತುಂಗಾತೀರ:

ಹುಡುಕಾಟ ಕೆಲಸ ಮಾಡುತ್ತಿದೆ. 19ರ ಪಟ್ಟಿ ಹಾಕಿದೆ, ಗಡಿ ನೋಡುವುದನ್ನೂ ಸೇರಿಸಿದೆ. ಕನ್ನಡ ಕಾಲಮ್ಮಿಗೂ ಎನ್‌ಎಫ್‌ಸಿ ಹಾಯಿಸಿದೆ, ಅಲ್ಲೂ ಕೆಲವು ಹೆಸರು ಬದಲಾದವು, ಹಾಗಾಗಿ ಅಚ್ಚಿನಮೊಳೆ ಅವರಿಗೆ ವಿಶೇಷ ಧನ್ಯವಾದ.

ಕೊನೆಯದಾಗಿ ಒಂದೇ ಪ್ರಶ್ನೆ. ಡಿಸ್ಕಿನಲ್ಲಿರುವ ಫೈಲ್‌ಗಳ ಹೆಸರನ್ನೇ ಎನ್‌ಎಫ್‌ಸಿಗೆ ಬದಲಿಸಿಬಿಡಲಾ?

ಬೈಟ್‌ಬಡಗಿ:

ಈಗಲೇ ಬೇಡ. ಅದೇ ಫೋಲ್ಡರನ್ನು ಬೇರೆಯವರೂ ಬಳಸುತ್ತಿದ್ದರೆ ಅವರ ಪಟ್ಟಿಗಳಲ್ಲಿ ಹಳೆಯ ಹೆಸರು ಬಿಡಿಸಿದ ರೂಪದಲ್ಲೇ ಇರಬಹುದು, ನೀವು ಬದಲಿಸಿದರೆ ಅವರ ಕೊಂಡಿ ಕಡಿಯುತ್ತದೆ. ಇನ್ನೊಂದು ಅಪಾಯವೂ ಇದೆ. ಲಿನಕ್ಸ್‌ನಲ್ಲಿ ಒಂದೇ ಫೋಲ್ಡರಿನಲ್ಲಿ ಎರಡೂ ರೂಪದ ಹೆಸರಿನ ಎರಡು ಫೈಲ್ ಇರಬಹುದು, ಸುಮ್ನೆ ಹೆಸರು ಬದಲಿಸುತ್ತ ಹೋದರೆ ಒಂದರ ಮೇಲೆ ಇನ್ನೊಂದು ಬಿದ್ದು ಮೊದಲಿನದು ಅಳಿದುಹೋಗುತ್ತದೆ.

ಟೇಬಲ್‌ನಲ್ಲಿ ಎರಡು ಕಾಲಮ್ ಇಡಿ. ಒಂದರಲ್ಲಿ ಡಿಸ್ಕಿನಲ್ಲಿ ಇರುವ ಹೆಸರು, ಅದನ್ನು ಮುಟ್ಟಬೇಡಿ, ಫೈಲ್ ತೆರೆಯುವಾಗ ಅದನ್ನೇ ಬಳಸಿ. ಇನ್ನೊಂದರಲ್ಲಿ ಎನ್‌ಎಫ್‌ಸಿ ಮಾಡಿದ ಹೆಸರು, ಹೋಲಿಸುವುದು, ಹುಡುಕುವುದು, ವಿಂಗಡಿಸುವುದೆಲ್ಲ ಅದರಲ್ಲಿ. ಎನ್‌ಎಫ್‌ಸಿ ಕಾಲಮ್ಮಿನಲ್ಲಿ ಒಂದೇ ಹೆಸರು ಎರಡು ಸಲ ಬಂದರೆ ಅಂಥ ಜೋಡಿ ಫೈಲ್ ಇದೆ ಅಂತ ಅರ್ಥ. ಅವನ್ನು ಕೈಯಾರೆ ತೆರೆದು, ಎರಡೂ ಒಂದೇ ಆಡಿಯೊನಾ ಅಂತ ಕೇಳಿ ನೋಡಿ, ಆಮೇಲೆ ಯಾವುದನ್ನು ಇಡಬೇಕು ಅಂತ ತೀರ್ಮಾನಿಸಿ.